ಬೆಲ್ಲದಿಂದ ಇಳಿಯದ್ದು

ಜಹೀರಾಬಾದ್
ಅಕ್ಟೋಬರ್ ೨೦೧೧

ಅಪ್ಪನಿಗೆ ಸ್ವರೂಪಾಳ ಜೈಭೀಮ್.

ತೆಲಂಗಾಣ ಮುಷ್ಕರ ಮುಗಿದಿಲ್ಲ, ನಮ್ಮ ತಾಂಡೂರಿಗೆ ಬಸ್ಸಿಲ್ಲ. ಅದಕ್ಕೇ ಕಲ್ಲಿನ ಲಾರಿಯವರ ಕೈಲಿ ಈ ಪತ್ರ ಕಳಿಸುತ್ತಿದ್ದೇನೆ. ಹಾಸ್ಟೆಲಿನಲ್ಲಿ ಈಗ ನಾನೊಬ್ಬಳೇ. ಹಗಲೆಲ್ಲ ಲ್ಯಾಬಿನ ಸೂಕ್ಷ್ಮದರ್ಶಕದಲ್ಲಿ ಪ್ಯಾರಮೀಸಿಯಂ ಎಂಬ ನೀರಿನ ಜೀವಿಗಳನ್ನು ನೋಡುತ್ತ ಕೂರುತ್ತೇನೆ. ಬರಿಗಣ್ಣಿಗೆ ಸರಿಯಾಗಿ ಕಾಣದ ಆ ಜೀವಿಯ ಮೈತುಂಬ ಸಿಲಿಯಾ ಎಂಬ ಸಣ್ಣ ರೋಮಗಳಿವೆ. ಡೈನೀನ್ ಎಂಬ ಕಿಣ್ವ ಒಳಗಿನಿಂದ ಜಗ್ಗಿದಾಗ ರೋಮ ಬಾಗುತ್ತದೆ, ಜೀವಿ ಈಜುತ್ತದೆ.

ಅಂಥವೇ ರೋಮಗಳು ನಿನ್ನ ಉಸಿರುನಾಳದಲ್ಲೂ ಇವೆ. ಪಾಲಿಶ್ ಮಷೀನಿನ ಕಲ್ಲುಧೂಳನ್ನು ಹೊರಗೆ ಗುಡಿಸುವುದು ಅವೇ. ಧೂಳು ಹೆಚ್ಚಾದರೆ ಅವೂ ಸೋಲುತ್ತವೆ.

“ಬೆಲ್ಲ ತಿಂದ್ರ ಧೂಳ ಇಳಿತದವ್ವಾ” ಎನ್ನುತ್ತೀಯಲ್ಲ, ಬೆಲ್ಲ ಹೋಗುವುದು ಹೊಟ್ಟೆಗೆ, ಅಪ್ಪಾ. ಮೂಗಿಗೆ ಹಸಿ ಬಟ್ಟೆ ಕಟ್ಟಿಕೋ. ಬಸ್ಸು ಶುರುವಾದ ದಿನವೇ ಬಂದು ನಿನ್ನನ್ನು ದವಾಖಾನೆಗೆ ಕರೆದೊಯ್ಯುತ್ತೇನೆ, ಬೇಡ ಅನ್ನಬೇಡ.

ಆದರೆ ಬೆಲ್ಲ ಬಿಡಬೇಡ. ನಾವು ತಿಂದದ್ದರಿಂದಲೇ ಆ ಕಿಣ್ವಕ್ಕೂ ಶಕ್ತಿ.

ನೀನು ಕಟ್ಟಿಕೊಟ್ಟ ಬೆಲ್ಲವನ್ನು ನಾನೂ ದಿನಾ ತಿನ್ನುತ್ತಿದ್ದೇನೆ. ಇಲ್ಲಿ ಧೂಳಿಲ್ಲ. ಆದರೂ ಗಂಟಲಲ್ಲಿ ಏನೋ ನಿಂತಿದೆ, ಇಳಿಯುತ್ತಿಲ್ಲ.

ನಿನ್ನ ಮಗಳು,
ಸ್ವರೂಪಾ