ತುಟ್ಟಿ ಬಿದ್ದ ಹೂಂ

ಗೋಕಾಕ
೨೧ ಆಗಸ್ಟ್ ೨೦೨೫, ಗುರುವಾರ

ಸೌ. ಶೋಭಾಳಿಗೆ,

ಶರಣು. ನಾನು ಕ್ಷೇಮ. ಈ ಪತ್ರವನ್ನು ಹದಿನೈದು ದಿನ ಮೊದಲೇ ಬರೆಯಬೇಕಿತ್ತು. ಮೂರು ಸಲ ಬರೆದೆ, ಮೂರು ಸಲ ಹರಿದು ಹಾಕಿದೆ. ತಡವಾದದ್ದಕ್ಕೆ ಕ್ಷಮಿಸು. ಫೋನು ಮಾಡಬಹುದಿತ್ತಲ್ಲ ಎಂದು ನೀನು ಕೇಳಬಹುದು. ಫೋನಿನಲ್ಲಿ ನನ್ನ ಬಾಯಿಂದ ಬರುವುದು ಒಂದೇ ಶಬ್ದ. ನಮ್ಮಿಬ್ಬರ ನಡುವಿನ ತಕರಾರೂ ಆ ಶಬ್ದದ್ದೇ. ಆದ್ದರಿಂದ ಕಾಗದವೇ ಸರಿ ಎನ್ನಿಸಿತು. ನನಗೆ ತಿಳಿದಿರುವ ಸಂಗತಿಗಳನ್ನು ಮೊದಲು ಕ್ರಮವಾಗಿ ಬರೆಯುತ್ತೇನೆ. ತಪ್ಪಿದ್ದಲ್ಲಿ, ಮಕ್ಕಳ ಉತ್ತರಪತ್ರಿಕೆ ತಿದ್ದುವ ಹಾಗೆ, ಅಂಚಿನಲ್ಲಿ ತಿದ್ದು.

೧. ಹುಕ್ಕೇರಿಯ ನಿಮ್ಮ ಹೈಸ್ಕೂಲಿನ ಎಂಟು ಜನ ಶಿಕ್ಷಕರು ನಾಲ್ಕು ವರ್ಷಗಳಿಂದ ಪಗಾರದಲ್ಲಿ ಸ್ವಲ್ಪ ಸ್ವಲ್ಪ ಕೂಡಿಸಿ ಶೇರು ಕೊಳ್ಳುತ್ತಿದ್ದೀರಿ. ಶನಿವಾರ ಶಾಲೆ ಬಿಟ್ಟ ಮೇಲೆ ಕೂತು, ವಾದಿಸಿ, ತೀರ್ಮಾನಿಸುತ್ತೀರಿ. ಆ ಗುಂಪಿಗೆ ನೀನು ಹಿರಿಯಳು.

೨. ಕಳೆದ ವರ್ಷ ತೇಜಗಾಮಿ ಮೋಟರ್ಸ್ ಎಂಬ ವಿದ್ಯುತ್ ಕಾರಿನ ಕಂಪನಿಯ ಶೇರು ಕೊಂಡಿರಿ. ತನ್ನ ಬ್ಯಾಟರಿಯನ್ನು ತಾನೇ ತಯಾರಿಸುತ್ತೇನೆ, ಅದು ಹತ್ತು ನಿಮಿಷದಲ್ಲಿ ತುಂಬುತ್ತದೆ ಎಂಬ ಅದರ ಮಾತಿಗೆ ಮೆಚ್ಚಿ ಕೊಂಡಿರಿ.

೩. ಈ ವರ್ಷ ಫೆಬ್ರುವರಿ ೧೫ರಂದು, ಮಾರಬೇಕೋ ಬೇಡವೋ ಎಂಬ ವಾದ ಬಿಸಿಯೇರಿದಾಗ, ಗುಂಪಿನ ನಡುವೆ ಕೂತೇ ನೀನು ನನಗೆ ಫೋನು ಮಾಡಿದೆ. "ಏನ್ರಿ, ತೇಜಗಾಮಿ ಬ್ಯಾಟರಿ ಖರೇನ ಹತ್ತು ನಿಮಿಷದಾಗ ತುಂಬತೈತಂತ. ಅಂದಮ್ಯಾಲ ನಾವು ಮಾರೂದು ಬ್ಯಾಡಲ್ರಿ?" ಎಂದು ಕೇಳಿದೆ.

೪. ನಾನು "ಹೂಂ" ಎಂದೆ.

೫. ನೀವು ಮಾರಲಿಲ್ಲ. ಜುಲೈ ಕೊನೆಯಲ್ಲಿ ಕಂಪನಿಯು ಓಡುತ್ತಿರುವ ಕಾರುಗಳಲ್ಲಿ ಬ್ಯಾಟರಿ ತುಂಬುವ ವೇಗವನ್ನು ತಗ್ಗಿಸುವುದಾಗಿ ಪ್ರಕಟಿಸಿತು. ಅದೇ ವಾರ ಎದುರಾಳಿಯೊಬ್ಬರು ಅಗ್ಗದ ಕಾರು ತಂದರು. ಶೇರಿನ ಬೆಲೆ ಅರ್ಧಕ್ಕಿಳಿಯಿತು.

೬. ಆಗಸ್ಟ್ ೨ರ ಸಂಜೆ ನೀನು ಫೋನಿನಲ್ಲಿ, "ನಿಮ್ಮ ಹೂಂ ನಂಬಿ ನಾ ಸುಮ್ಮನ ಕೂತಿದ್ದು ಇದು ಎರಡನೇ ಸಲರಿ" ಎಂದು ಹೇಳಿ ಇಟ್ಟುಬಿಟ್ಟೆ. ವಾರವೆಲ್ಲ ಹುಕ್ಕೇರಿಯ ಖೋಲಿಯಲ್ಲಿದ್ದು ಶನಿವಾರ ತಪ್ಪದೆ ಗೋಕಾಕಕ್ಕೆ ಬರುತ್ತಿದ್ದವಳು ಅಂದು ಬರಲಿಲ್ಲ. ಮುಂದಿನ ಎರಡು ಶನಿವಾರವೂ ಬರಲಿಲ್ಲ.

ಮೊದಲನೆಯ ಸಲ ಯಾವುದೆಂದು ನೀನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆ ಫೆಬ್ರುವರಿಯ ಮಧ್ಯಾಹ್ನ ನಾನೇನು ಮಾಡುತ್ತಿದ್ದೆ ಎಂಬುದನ್ನು ಹೇಳಬೇಕು. ಅಂಗಡಿಯಲ್ಲಿ ಒಂದು ಸ್ಕೂಟರಿನ ಬ್ಯಾಟರಿ ಬಿಚ್ಚಿಕೊಂಡಿದ್ದೆ. ಎರಡೂ ಕೈಯಲ್ಲಿ ತಂತಿ, ಫೋನು ಕಿವಿ ಮತ್ತು ಹೆಗಲಿನ ನಡುವೆ. ಇದು ಸಮರ್ಥನೆಯಲ್ಲ. ಏಕೆಂದರೆ ನಿನ್ನ ಪ್ರಶ್ನೆಗೆ ಉತ್ತರ ಆಗ ನನ್ನ ಬಳಿಯೇ ಇತ್ತು, ಮೂರು ಮಾರು ದೂರದ ಕಪಾಟಿನಲ್ಲಿ.

ಮೂಡಲಗಿಯ ಆಟೋದ ಅಲ್ಲಪ್ಪ ನಿನಗೆ ಗೊತ್ತು. ಕಳೆದ ಡಿಸೆಂಬರಿನಲ್ಲಿ ಅವನು ಗುಜರಿಯಿಂದ, ಅಪಘಾತದಲ್ಲಿ ಜಜ್ಜಿಹೋದ ತೇಜಗಾಮಿ ಕಾರೊಂದರ ಬ್ಯಾಟರಿ ಹೊತ್ತು ತಂದ. "ಸಾಹೇಬ್ರ, ಇದನ್ನ ನನ್ನ ಆಟೋಕ್ಕ ಕೂಡಿಸಿ ಕೊಡ್ರಿ, ಚಾ ಕುಡಿಯೂದ್ರಾಗ ತುಂಬತೈತಂತ" ಎಂದ. ಅದರಲ್ಲಿ ಎಂಟು ಸೆಲ್ಲು ನಾನು ಪರೀಕ್ಷೆಗೆ ತೆಗೆದಿಟ್ಟುಕೊಂಡೆ. ಹತ್ತು ನಿಮಿಷದಲ್ಲಿ ತುಂಬುತ್ತದೆ ಎಂಬುದು ಸುಳ್ಳಲ್ಲ. ತುಂಬಿದವು. ಆಮೇಲೆ ಅವನ್ನು ಬಿಸ್ಕೀಟಿನ ಹಳೆಯ ಡಬ್ಬಿಯಲ್ಲಿಟ್ಟು, ಒಳಗೊಂದು ಬಲ್ಬು ಉರಿಸಿ, ನಮ್ಮ ಏಪ್ರಿಲ್ ತಿಂಗಳಿನ ನಲವತ್ತೆರಡು ಡಿಗ್ರಿಯ ಕಾವು ಕೊಟ್ಟು, ತುಂಬುವುದು ಖಾಲಿ ಮಾಡುವುದು ನಡೆಸಿದೆ. ನೂರಿಪ್ಪತ್ತನೆಯ ಸಲಕ್ಕೆ ಎರಡು ಸೆಲ್ಲು ಉಬ್ಬಿದವು. ಉಳಿದವು ತಮ್ಮ ಶಕ್ತಿಯಲ್ಲಿ ಕಾಲುಭಾಗ ಕಳೆದುಕೊಂಡಿದ್ದವು. ಜನವರಿ ೨೭ರಂದು ಇದೆಲ್ಲವನ್ನೂ ವಹಿಯಲ್ಲಿ ಬರೆದು ಮುಚ್ಚಿಟ್ಟೆ. ಇದ್ದದ್ದು ಎಂಟೇ ಸೆಲ್ಲು, ಅದೂ ಅಪಘಾತದ ಕಾರಿನವು. ಇಷ್ಟರ ಮೇಲೆ ಒಂದು ಕಂಪನಿಯ ಬಗ್ಗೆ ಮಾತಾಡುವುದು ತಾಂತ್ರಿಕವಾಗಿ ಸರಿಯಲ್ಲ ಎಂದುಕೊಂಡೆ. ಹೆಂಡತಿ ಕೇಳಿದಾಗ ಇಷ್ಟನ್ನೇ ಹೇಳಬಹುದಿತ್ತು ಎಂಬುದು ಹೊಳೆಯಲಿಲ್ಲ.

ಆಗಸ್ಟ್ ೨ರ ಸಭೆಯಲ್ಲಿ ಏನಾಯಿತೆಂದು ನೀನು ನನಗೆ ಹೇಳಿಲ್ಲ. ಹೇಳಿದವನು ನಿಮ್ಮ ಆಟದ ಮಾಸ್ತರ ಉದ್ದಪ್ಪ. ಮೊನ್ನೆ ಸೋಮವಾರ ಸ್ಕೂಟರು ತೋರಿಸಲು ಬಂದವನು ಅಂಗಡಿಯ ಹೊಸ್ತಿಲಲ್ಲೇ ನಿಂತು, "ಸರ, ನಿಮ್ಮ ಹೂಂ ಭಾಳ ತುಟ್ಟಿ ಬಿತ್ತ ನೋಡ್ರಿ" ಎಂದ. ನಾನು ಅವನ ಸ್ಕೂಟರಿನ ಸೀಟು ಎತ್ತಿ ಬ್ಯಾಟರಿ ನೋಡತೊಡಗಿದೆ. "ಈಗರೆ ಏನರ ಅನ್ರಿ! ಬ್ಯಾಡ ಬ್ಯಾಡ, ಹೂಂ ಅಂದೀರಿ ಮತ್ತ!" ಎಂದು ತಾನೇ ನಕ್ಕ.

ಲಕ್ಷ್ಮೀ ಟೀಚರು ಬಹಳ ಜೋರಿನಲ್ಲಿದ್ದರಂತೆ. ಮೊದಲಿನಿಂದಲೂ ಮಾರೋಣ ಎಂದವರು ಅವರೇ ಅಲ್ಲವೇ? "ನಾ ಆವಾಗ ಬಡಕೊಂಡ್ನಿ. ಹೊರಗಿನ ಸೆಲ್ಲು ಹಾಕಿದ ಎದುರಾಳಿ ಗಾಡಿ ಬರೂದೈತಿ, ಮೂರು ಲಕ್ಷ ಸೋವಿ ಇರತೈತಿ, ಮಂದಿ ಸೋವಿ ಇದ್ದದ್ದ ತಗೋತಾರ ಅಂದ್ನಿ. ನಮ್ಮ ತೇಜಗಾಮಿ ತಾನ ನಡಿತೈತಿ, ಕ್ಯಾಮೆರಾದಾಗ ದಾರಿ ನೋಡತೈತಿ ಅಂದ್ರಿ ನೀವು. ನಮ್ಮ ರಸ್ತ್ಯಾಗ ಕಬ್ಬಿನ ಟ್ರ್ಯಾಕ್ಟರ್ ಎರಡೆರಡು ಡಬ್ಬಿ ಜಗ್ಗಕೊಂಡು, ಹಿಂದ ಒಂದ ಕೆಂಪು ದೀಪ ಇಲ್ಲದ ಹೊಂಟಿರ್ತಾವ. ಅದರ ಕ್ಯಾಮೆರಾಕ್ಕ ಕಾಣತೈತೇನ್ರಿ ಅದು?" ಎಂದರಂತೆ. ಎಲ್ಲರೂ ನಕ್ಕರಂತೆ. ಆಮೇಲೆ, "ಅಕ್ಕೋರ, ನಿಮ್ಮ ಮನಿಯವರ ಹೂಂ ಅಂದ್ರ ಏನ ಸರಕಾರಿ ಶಿಕ್ಕಾ ಏನ್ರಿ?" ಎಂದು ಕೇಳಿದರಂತೆ. ಆಗ ಯಾರೂ ನಗಲಿಲ್ಲವಂತೆ.

ನೀನು ಎದ್ದು ನಿಂತು, "ಅವರದೇನೂ ತಪ್ಪಿಲ್ಲ. ನಾ ಕೇಳಿದ ರೀತಿನ ಸರಿ ಇರಲಿಲ್ಲ" ಎಂದು ಹೇಳಿ, ಗುಂಪಿನ ವಹಿಯನ್ನು ಲಕ್ಷ್ಮೀ ಟೀಚರ ಮುಂದಿಟ್ಟು ಹೊರಬಂದೆಯಂತೆ.

ಶೋಭಾ, ಉದ್ದಪ್ಪ ಹೋದ ಮೇಲೆ ನಾನು ಅಂಗಡಿಯ ಅರ್ಧ ಬಾಗಿಲು ಮುಚ್ಚಿ, ಕಪಾಟಿನಿಂದ ಆ ವಹಿ ತೆಗೆದು ಓದಿದೆ. ಏಳು ಜನರೆದುರು ನನ್ನನ್ನು ಕಾಯ್ದುಕೊಂಡವಳು, ಸಂಜೆ ನನಗೊಬ್ಬನಿಗೇ ಆ ಒಂದು ಮಾತು ಹೇಳಿದ್ದೀ. ಅದರ ತೂಕ ನನಗೆ ಆಗ ತಿಳಿಯಿತು.

ಹೂಂ ಎನ್ನುವುದನ್ನು ನಾನು ಕಲಿತದ್ದು ನಮ್ಮ ಅಜ್ಜಿ ಚನ್ನವ್ವನ ಬಳಿ. ಅವಳು ಕಥೆ ಹೇಳುವಾಗ ಮೊಮ್ಮಕ್ಕಳು ಸಾಲಿಗೊಮ್ಮೆ ಹೂಂ ಎನ್ನಬೇಕಿತ್ತು. ಅನ್ನದಿದ್ದರೆ, "ನಿದ್ದಿ ಹೊಡಿಯಾಕತ್ತೀರಿ, ಕಥಿ ಇಲ್ಲೇ ನಿಂತತ ನೋಡ್ರಿ" ಎಂದು ಬಾಯಿ ಮುಚ್ಚಿಬಿಡುತ್ತಿದ್ದಳು. ಹೀಗಾಗಿ ನನ್ನ ಮಟ್ಟಿಗೆ ಹೂಂ ಎಂದರೆ "ಕೇಳುತ್ತಿದ್ದೇನೆ, ಮುಂದೆ ಹೇಳು" ಎಂದು. ನಿಮ್ಮ ಮನೆಯ ಹೂಂ ಬೇರೆ. ನಮ್ಮ ಮದುವೆಯ ಮಾತುಕತೆಗೆ ಬಂದಾಗ ನನಗದು ಕಾಣಬೇಕಿತ್ತು. ಎಲ್ಲರೂ ಎರಡು ತಾಸು ಮಾತಾಡಿದರು, ನಿಮ್ಮಪ್ಪ ಕೊನೆಗೆ ಒಮ್ಮೆ ಹೂಂ ಎಂದರು, ಒಳಗಿನಿಂದ ಸಕ್ಕರೆ ಬಂತು. ಗಂಡಸಿನ ಹೂಂ ಎಂದರೆ ಮಾತು ಮುಗಿಯಿತು ಎಂದು ತಿಳಿದು ಬೆಳೆದವಳು ನೀನು. ಇಪ್ಪತ್ತನಾಲ್ಕು ವರ್ಷ ಒಂದೇ ಶಬ್ದವನ್ನು ನಾನೊಂದು ಅರ್ಥದಲ್ಲಿ ಆಡಿದೆ, ನೀನೊಂದು ಅರ್ಥದಲ್ಲಿ ಕೇಳಿದೆ.

ಈಗ, ನೀನು ಫೆಬ್ರುವರಿಯಲ್ಲಿ ಕೇಳಿದ್ದಕ್ಕೆ ಉತ್ತರ. ತೇಜಗಾಮಿಯ ಬ್ಯಾಟರಿ ಜಾಣ ಬ್ಯಾಟರಿ. ಆದರೆ ಬಿಸಿಲು ತಾಳದು ಎಂಬುದು ನನ್ನ ಸಂದೇಹ. ಎದುರಾಳಿಯ ಸೆಲ್ಲು ನಿಧಾನ, ಭಾರವೂ ಹೆಚ್ಚು, ಆದರೆ ಬಾಳಿಕೆ ಬರುತ್ತದೆ. ನನ್ನ ಅಂಗಡಿಗೆ ಬರುವ ಗಿರಾಕಿಗಳಲ್ಲಿ ಎಷ್ಟು ಬೇಗ ತುಂಬುತ್ತದೆ ಎಂದು ಕೇಳಿದವನು ಅಲ್ಲಪ್ಪ ಒಬ್ಬನೇ. ಉಳಿದವರೆಲ್ಲ ಎಷ್ಟು ವರ್ಷ ಬರುತ್ತದೆ ಎಂದೇ ಕೇಳುತ್ತಾರೆ. ಕಂಪನಿ ಈ ದೋಷವನ್ನು ತಿದ್ದಿಕೊಳ್ಳಲಾರದು ಎಂದು ನಾನು ಹೇಳಲಾರೆ. ಒಳ್ಳೆಯ ತಂತ್ರಜ್ಞರು ಅಲ್ಲಿರುವುದು ಆ ಸೆಲ್ಲಿನ ಕಟ್ಟೋಣದಲ್ಲೇ ಕಾಣುತ್ತದೆ. ಇಷ್ಟರ ಮೇಲೆ ಶೇರು ಮಾರಬೇಕೋ ಇಟ್ಟುಕೊಳ್ಳಬೇಕೋ ನನಗೆ ತಿಳಿಯದು. "ನನಗ ತಿಳಿಯೂದಿಲ್ಲ" ಎಂದಾದರೂ ಅಂದು ಹೇಳಬಹುದಿತ್ತು.

ಸ್ಕೂಟರು ಒಯ್ಯಲು ಇಂದು ಬಂದಿರುವ ಉದ್ದಪ್ಪನಿಗೆ ಹೇಳಿದ್ದೇನೆ: ಶನಿವಾರ ಹತ್ತರ ಬಸ್ಸಿಗೆ ಹುಕ್ಕೇರಿಗೆ ಬರುತ್ತೇನೆ, ನಿಮ್ಮ ಗುಂಪಿನೆದುರು ನನ್ನ ವಹಿ ಓದುತ್ತೇನೆ, ಆ ಹೂಂನ ಅರ್ಥವನ್ನೂ ಹೇಳುತ್ತೇನೆ. "ನೀವು? ಮಾತಾಡತೀರಿ?" ಎಂದು ಅವನು ಕುರ್ಚಿಯನ್ನೇ ಎಳೆದುಕೊಂಡು ಕೂತ. ಲಕ್ಷ್ಮೀ ಟೀಚರು ಕೇಳುವ ಪ್ರಶ್ನೆಗಳಿಗೆ ನಿಂತು ಉತ್ತರ ಕೊಡುತ್ತೇನೆ. ಟ್ರ್ಯಾಕ್ಟರಿನ ಮಾತಿಗೆ ಮಾತ್ರ ನನ್ನ ಬಳಿ ಉತ್ತರವಿಲ್ಲ; ಅವರು ಹೇಳಿದ್ದು ಸರಿ.

ಮನೆಯ ಕಡೆ ಎಲ್ಲ ನೆಟ್ಟಗಿದೆ. ಹೊಳೆ ತುಂಬಿದೆ, ನಮ್ಮ ಓಣಿಗೇನೂ ಭಯವಿಲ್ಲ. ಅಡಿಗೆಮನೆಯ ನಲ್ಲಿಗೆ ವಾಸರು ಹಾಕಿದ್ದೇನೆ. ರೊಟ್ಟಿ ಬಡಿಯಲು ಹೋದೆ. ಅದರ ಆಕಾರದ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಬಾಜೂಮನೆಯ ರಾಯವ್ವ ಸುದ್ದಿ ಕೇಳಿ ನಕ್ಕು, ಅಂದಿನಿಂದ ದಿನಾ ಎರಡು ರೊಟ್ಟಿ, ಪಲ್ಯ ಕಳಿಸುತ್ತಾಳೆ. ತರುವವಳು ಅವಳ ಮೊಮ್ಮಗಳು ಕಾಜಲ್. ತಾಟು ಕೊಡುವಾಗ, "ಕಾಕಾ, ಕಾಕೂ ಯಾವಾಗ ಬರ್ತಾರ್ರಿ?" ಎಂದು ಕೇಳುತ್ತಾಳೆ. ಪಿಯುಸಿಗೆ ಬಂದಿದ್ದಾಳೆ, ನನ್ನ ಭುಜದಷ್ಟು ಎತ್ತರ.

ಮಂಡಿ ನೋವಿನ ಎಣ್ಣೆಯ ಶೀಶೆ ಇಲ್ಲೇ ಉಳಿದಿತ್ತು, ಉದ್ದಪ್ಪನ ಕೈಯಲ್ಲಿ ಈ ಪತ್ರದ ಜೊತೆ ಕಳಿಸಿದ್ದೇನೆ. ಮಳೆಯಲ್ಲಿ ನೆನೆಯಬೇಡ. ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ,
ಬಾಳೇಶ

ತಾ.ಕ.: ಮೊದಲನೆಯ ಸಲ ಯಾವುದೆಂದು ನನಗೆ ಗೊತ್ತು. ಅದನ್ನು ಬರೆಯಲು ಹತ್ತೊಂಬತ್ತು ದಿನ ಬೇಕಾಯಿತು.

೨೦೦೯ರ ಜೂನ್. ಘಟಪ್ರಭಾದ ಆಸ್ಪತ್ರೆಯಿಂದ ನಿನ್ನನ್ನು ಮನೆಗೆ ಕರೆತರುತ್ತಿದ್ದೆ. ಎರಡನೆಯ ಕೂಸೂ ಉಳಿದಿರಲಿಲ್ಲ. ಒಂದು ವರ್ಷ ಬಿಟ್ಟು ಮತ್ತೆ ನೋಡಬಹುದು ಎಂದು ಡಾಕ್ಟರಮ್ಮ ಹೇಳಿದ್ದರು. ಬಸ್ಸಿನಲ್ಲಿ ನೀನು ಕಿಟಕಿಯ ಬದಿ ಕೂತು, ಹೊರಗೆ ನೋಡುತ್ತಲೇ, "ಇನ್ನ ಸಾಕಲ್ರಿ?" ಎಂದೆ.

ನಾನು "ಹೂಂ" ಎಂದೆ.

ಮುಂದೆ ಹೇಳುತ್ತೀಯೆಂದು ಗೋಕಾಕ ಬರುವವರೆಗೆ ಕಾಯುತ್ತ ಕೂತಿದ್ದೆ. ನೀನು ಮತ್ತೇನೂ ಹೇಳಲಿಲ್ಲ. ಮರುವಾರ ನೀನು, ನಿಮ್ಮವ್ವ ಕೂಸಿನ ತಲೆಗೆಂದು ಹೊಲಿದು ಕೊಟ್ಟಿದ್ದ ಕೆಂಪು ಕುಂಚಿಗೆಯನ್ನು ರಾಯವ್ವನ ಮನೆಗೆ ಕೊಟ್ಟುಬಂದೆ. ಕಾಜಲ್ ಆಗ ತೊಟ್ಟಿಲಲ್ಲಿದ್ದಳು. ನೀನು ತೀರ್ಮಾನ ಮಾಡಿದ್ದೀ, ಕೇಳಿದರೆ ನಿನಗೆ ನೋವಾಗುತ್ತದೆ ಎಂದು ನಾನು ಸುಮ್ಮನಾದೆ. ತೀರ್ಮಾನ ನನ್ನದೆಂದು ನೀನು ಸುಮ್ಮನಾದೆ.

ನನಗೆ ಸಾಕು ಎನ್ನಿಸಿರಲಿಲ್ಲ, ಶೋಭಾ. ಒಂದು ದಿನವೂ ಎನ್ನಿಸಿರಲಿಲ್ಲ.

ಈಗ ಇದನ್ನು ಬರೆದು ಏನು ಪ್ರಯೋಜನವೆಂದು ಯೋಚಿಸಿಯೇ ಮೂರು ಕಾಗದ ಹರಿದದ್ದು. ಶನಿವಾರ ನಿಮ್ಮ ಗುಂಪಿನ ಕೆಲಸ ಮುಗಿದ ಮೇಲೆ, ನಿನ್ನ ಖೋಲಿಗೆ ಬಂದು, ಇದೇ ಮಾತನ್ನು ನಿನ್ನೆದುರು ಬಾಯಿಬಿಟ್ಟು ಹೇಳಲು ನಿರ್ಧರಿಸಿದ್ದೇನೆ.