ತಪ್ಪಿಲ್ಲದ ನಲವತ್ತೆರಡು ಪಾಠಗಳು

ಸ್ಕೋಫೀಲ್ಡ್ಸ್, ಸಿಡ್ನಿ
13 ಜುಲೈ 2025, ಭಾನುವಾರ

ಪ್ರೀತಿಯ ಅಪ್ಪಿ,

ಅಕ್ಕನ ಆಶೀರ್ವಾದ. ಕಾಗದ ನೋಡಿ ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಾವಿಬ್ಬರೂ ಮಾತು ಬಿಟ್ಟು ಐದು ವಾರವಾಯಿತು. ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ದನಿ ಏರಿಸುತ್ತೇನೆ, ಕೊನೆಗೆ ಇಬ್ಬರೂ ಹವಾಮಾನದ ವಿಷಯ ಮಾತಾಡಿ ಫೋನ್ ಇಡುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಆನ್‌ಲೈನ್ ಸಂಗೀತ ಪಾಠಕ್ಕೆ ಬರುವುದನ್ನು ನನ್ನ ಮೊಮ್ಮಗಳು ಆದ್ಯಾ ನಿಲ್ಲಿಸಿದ್ದು ನನ್ನ ಕುಮ್ಮಕ್ಕಿನಿಂದ ಎಂದು ನೀನು ತಿಳಿದಿದ್ದೀಯ. ಕುಮ್ಮಕ್ಕು ಕೊಡಲಿಲ್ಲ. ಆದರೆ ಕಾರಣ ನಾನೇ.

ಹೋದ ವರ್ಷ ನೀನು ನಿನ್ನ ಪುಟ್ಟ ಶಿಷ್ಯರಿಗಾಗಿ ಸಂಗೀತದ ಒಂದು ಸಂಗ್ರಹ ಮಾಡುತ್ತೇನೆ ಎಂದಾಗ ನಾನು ನಕ್ಕಿದ್ದೆ. ಯೂಟ್ಯೂಬ್ ತುಂಬಾ ದೊಡ್ಡ ದೊಡ್ಡ ವಿದ್ವಾಂಸರ ಕಚೇರಿಗಳಿರುವಾಗ ಇದ್ಯಾಕೆ ಎಂದಿದ್ದೆ. ದೊಡ್ಡವರ ಕಚೇರಿ ಆಮೇಲೆ, ಮೊದಲು ಮಕ್ಕಳು ಇನ್ನೊಂದು ಮಗು ಕಲಿಯುವುದನ್ನು ಕೇಳಬೇಕು, ಮನೆಯಲ್ಲಿ ಊಟ ಮಾಡುವಾಗ, ಕಾರಿನಲ್ಲಿ ಹೋಗುವಾಗ ಅದು ಕಿವಿಗೆ ಬೀಳುತ್ತಿರಬೇಕು ಎಂದೆ ನೀನು. ಅದಕ್ಕೆ ಅಮ್ಮನ ಪಾಠದ ಕ್ಯಾಸೆಟ್‌ಗಳು ಬೇಕೆಂದೆ. ಹದಿನೇಳೂ ನನ್ನ ಬಳಿಯೇ ಇದ್ದವಲ್ಲ. ಬೆಳಿಗ್ಗೆ ಆರಕ್ಕೆ ನಮ್ಮಿಬ್ಬರನ್ನು ಕೂರಿಸಿಕೊಂಡು ಪಾಠ ಮಾಡಿ, ಸಂಜೆ ತಾನು ಸ್ಕೂಲಿನಿಂದ ಬರುವುದರೊಳಗೆ ನಾವು ಕೇಳಿಕೊಂಡು ಸಾಧನೆ ಮಾಡಲಿ ಎಂದು ಅಮ್ಮ ರೆಕಾರ್ಡ್ ಮಾಡಿಡುತ್ತಿದ್ದದ್ದು. ನಾನು ಅದರಿಂದ ನಲವತ್ತೆರಡು ಫೈಲ್ ಮಾಡಿ ಕಳಿಸಿದೆ. ಎಲ್ಲ ಕೇಳಿ ನೀನು ಒಂದೇ ಮಾತು ಕೇಳಿದೆ: "ಅಕ್ಕಾ, ಅಮ್ಮನ 'ಇನ್ನೊಂದ್ಸಲ' ಎಲ್ಲಿ ಹೋಯ್ತೇ?"

ಆ ಭಾಗಗಳಿಗೆ ಬೂಷ್ಟು ಹಿಡಿದು ಟೇಪ್ ಹಾಳಾಗಿದೆ ಎಂದೆ. ಸುಳ್ಳು ಹೇಳಿದೆ ಅಪ್ಪಿ. ಕ್ಯಾಸೆಟ್‌ಗಳು ನನಗಿಂತ ಚೆನ್ನಾಗಿವೆ.

ಮೊದಮೊದಲು ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ನಿನ್ನ ಭಾವ ಲ್ಯಾಪ್‌ಟಾಪಿಗೆ ಒಂದು ಸಾಫ್ಟ್‌ವೇರ್ ಹಾಕಿ, ಬೇಡದ್ದನ್ನು ಕತ್ತರಿಸುವುದು ಹೇಗೆಂದು ತೋರಿಸಿದರು. ಕುಕ್ಕರಿನ ಸೀಟಿ ತೆಗೆದೆ. ಪಕ್ಕದ ಮನೆಯವರು ಸ್ಕೂಟರ್ ಒದೆಯುವ ಸದ್ದು ತೆಗೆದೆ. ಅಮ್ಮನ ಕೆಮ್ಮು ತೆಗೆದೆ. ಆಮೇಲೆ ದಾಟು ವರಸೆ ಬಂತು. ಮೆಟ್ಟಿಲು ಹತ್ತಿದಂತೆ ಒಂದೊಂದೇ ಸ್ವರ ಹಾಡಿಕೊಂಡಿದ್ದವಳಿಗೆ ಒಂದು ಸ್ವರ ಬಿಟ್ಟು ಇನ್ನೊಂದಕ್ಕೆ ಹಾರಬೇಕಾಗಿ ಬಂದು ನಾನು ಮುಗ್ಗರಿಸುತ್ತೇನೆ. ಇನ್ನೊಂದ್ಸಲ ಎನ್ನುತ್ತಾಳೆ ಅಮ್ಮ. ಮತ್ತೆ ಅದೇ ಜಾಗ, ಅದೇ ತಪ್ಪು. ಒಂದೇ ಪಾಠದಲ್ಲಿ ಹನ್ನೊಂದು ಸಲ. ಕತ್ತರಿಸಿದೆ. ಮಾರನೆಯ ದಿನದ ಪಾಠದಲ್ಲಿ ಆ ಸಾಲಿನ ಅರ್ಧ ಸರಿಯಾಗಿತ್ತು, ಅದರ ಮಾರನೆಯ ದಿನ ಉಳಿದರ್ಧ. ಎರಡನ್ನೂ ಅಂಟಿಸಿದೆ. ಹೀಗೆ ಕೈ ಪಳಗಿತು. ನೀನು ಕೇಳಿದ ಸಂಗ್ರಹದಲ್ಲಿ ಹದಿನಾಲ್ಕು ವರ್ಷದ ವತ್ಸಲಾ ಯಾವ ಪಾಠವನ್ನೂ ಎರಡನೇ ಸಲ ಹೇಳಿಸಿಕೊಳ್ಳುವುದಿಲ್ಲ. ನಿನ್ನ ತಪ್ಪುಗಳೂ ಎರಡು ಸಿಕ್ಕವು. ಅವನ್ನು ಮಾತ್ರ ಹಾಗೇ ಬಿಟ್ಟಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ, ನಗುವೂ ಬರುತ್ತದೆ.

ನೀನು ಹೇಳಿದಂತೆ ಆದ್ಯಾ ಆ ಫೈಲುಗಳನ್ನು ದಿನವೂ ಕೇಳಿದಳು. ಬೆಳಿಗ್ಗೆ ಅವಳನ್ನು ಸ್ಕೂಲಿಗೆ ಬಿಡುವಾಗ ಕಾರಿನಲ್ಲಿ ನಾನೇ ಹಾಕುತ್ತಿದ್ದೆ. ಒಳ್ಳೆಯ ಅಜ್ಜಿ ಎಂದು ಬೀಗುತ್ತಿದ್ದೆ. ಜೂನ್ ಮೊದಲ ಭಾನುವಾರ ಅವಳು ಐಪ್ಯಾಡ್ ಮುಚ್ಚಿಟ್ಟು, ಇನ್ನು ಅಪರ್ಣಜ್ಜಿಯ, ಅಂದರೆ ನಿನ್ನ, ಕ್ಲಾಸಿಗೆ ಕೂರುವುದಿಲ್ಲ ಎಂದಳು. ಅವಳಮ್ಮ ಅಪೇಕ್ಷಾ ಕೇಳಿದಳು, ಅಳಿಯಂದಿರು ಕೇಳಿದರು, ಯಾರಿಗೂ ಕಾರಣ ಹೇಳಲಿಲ್ಲ. ಅವಳು ಹಾಡು ಬಿಟ್ಟಿದ್ದು ಮಾತ್ರವಲ್ಲ, ಸ್ನಾನಕ್ಕೆ ಹೋಗುವಾಗ ಗುನುಗುತ್ತಿದ್ದದ್ದೂ ನಿಂತಿತು. ಒಂಬತ್ತು ವರ್ಷದ ಮಗು ಹಾಗೆ ಸುಮ್ಮನಿರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಈಗ ಸ್ಕೂಲಿಗೆ ರಜೆ. ಕಳೆದ ಬುಧವಾರ ಇಬ್ಬರೇ ಕೂತು ಬಟಾಣಿ ಬಿಡಿಸುವಾಗ ಕೇಳಿದೆ. ಮೊದಲು ಭುಜ ಕುಣಿಸಿದಳು. ಆಮೇಲೆ, "ಅಜ್ಜಿ, ಯು ಗಾಟ್ ಎವ್ರಿಥಿಂಗ್ ರೈಟ್ ದಿ ಫಸ್ಟ್ ಟೈಮ್. ಐ ಡೋಂಟ್. ಐ ಥಿಂಕ್ ಐ ಡಿಡಂಟ್ ಗೆಟ್ ಇಟ್ ಫ್ರಮ್ ಯು ಗೈಸ್" ಎಂದಳು. ನಮ್ಮ ಮನೆಯವರಿಗೆಲ್ಲ ಮೊದಲ ಸಲಕ್ಕೇ ಬರುತ್ತದೆ, ತನಗೆ ಮಾತ್ರ ಅದು ಹುಟ್ಟಿನಿಂದ ಬಂದಿಲ್ಲ ಎಂದು ತೀರ್ಮಾನ ಮಾಡಿಕೊಂಡು ಕೂತಿತ್ತು ಆ ಮಗು. ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ಪಾರಾಗುತ್ತಿದ್ದೆನೇನೋ.

ಮೂವತ್ತು ವರ್ಷ ಡಾಕ್ಟರಾಗಿ ಎಷ್ಟೋ ಜನರಿಗೆ ಕೆಟ್ಟ ಸುದ್ದಿ ಹೇಳಿದ್ದೇನೆ, ಆದರೆ ಅವತ್ತು ಬಾಯಲ್ಲಿ ಹೇಳುವ ಬದಲು ಎದ್ದು ಹೋಗಿ ಕ್ಯಾಸೆಟ್‌ಗಳನ್ನೇ ತಂದೆ. ನಿನ್ನ ಭಾವನ ಹಳೆಯ ಪ್ಲೇಯರಿನಲ್ಲಿ ದಾಟು ವರಸೆಯ ಕ್ಯಾಸೆಟ್ ಹಾಕಿದೆ. ಆದ್ಯಾ ಬೆರಳು ಮಡಿಸಿ ಎಣಿಸತೊಡಗಿದಳು. ಐದನೇ ಸಲಕ್ಕೆ ಅವಳಿಗೆ ನಗು ಬಂತು, ಎಂಟನೇ ಸಲಕ್ಕೆ ನಗು ನಿಂತಿತು. ಹನ್ನೊಂದನೇ ಸಲ ನಾನು ಅಳುವುದು ಕೇಳಿಸುತ್ತದೆ. ಅಮ್ಮ ಮೆಲ್ಲಗೆ ಹೇಳುತ್ತಾಳೆ, "ವತ್ಸಲಾ, ನೀನು ಸ್ವಲ್ಪ ಹೊತ್ತು ಕೂತು ಕೇಳು. ಅಪ್ಪಿ ಹಾಡ್ಲಿ." ನೀನು ಹಾಡುತ್ತೀಯ. ಹನ್ನೊಂದು ವರ್ಷದ ಹುಡುಗಿ, ಎಷ್ಟು ಸಲೀಸಾಗಿ! ಹಿಂದಿನಿಂದ ಬಾಗಿಲು ದಡಾರನೆ ಹಾಕಿಕೊಂಡ ಸದ್ದು. ಅದು ನಾನು.

ಅದಾದ ಮೇಲೆ ಒಂದೆರಡು ತಿಂಗಳು ಕಾಟಾಚಾರಕ್ಕೆ ಕೂತೆ, ಆಮೇಲೆ ಬಿಟ್ಟೆ. ಮೆಡಿಕಲ್ ಓದಬೇಕೆಂದು ಸಂಗೀತ ತ್ಯಾಗ ಮಾಡಿದೆ ಎಂದು ನಿನ್ನ ಭಾವನಿಗೆ ಹೇಳಿದ್ದೆ, ಅಪೇಕ್ಷಾಗೆ ಹೇಳಿದ್ದೆ, ಇಲ್ಲಿಯ ಕನ್ನಡ ಕೂಟದವರ ಮುಂದೆ ಮೈಕ್ ಹಿಡಿದೂ ಹೇಳಿದ್ದೆ. ಮೆಡಿಕಲ್ ಸೀಟು ಸಿಕ್ಕಿದ್ದು ಅದಾಗಿ ನಾಲ್ಕು ವರ್ಷಕ್ಕೆ. ನಿನಗೆ ಲೆಕ್ಕ ಗೊತ್ತಿತ್ತು, ನೀನು ಒಂದು ದಿನವೂ ಬಾಯಿ ಬಿಡಲಿಲ್ಲ. ಅದಕ್ಕೆ ನಿನ್ನ ಮೇಲೆ ಇನ್ನೂ ಸಿಟ್ಟು ಬರುತ್ತಿತ್ತು.

ಇದನ್ನೆಲ್ಲ ಆದ್ಯಾಗೆ ಹೇಳಿದೆ. ಸೋತವರನ್ನು ಕಂಡರೆ ಮಗುವಿಗೆ ಧೈರ್ಯ ಬಂದೀತು, ಬಂದು ನನ್ನನ್ನು ತಬ್ಬಿಕೊಂಡಾಳು ಎಂದುಕೊಂಡಿದ್ದೆ. ಅವಳು ನನ್ನ ಮುಖವನ್ನೇ ನೋಡಿ, "ಸೋ ಯು ಜಸ್ಟ್ ಕ್ವಿಟ್?" ಎಂದಳು. ಬೈಯಲಿಲ್ಲ, ಬಿಟ್ಟೇಬಿಟ್ಟೆಯಾ ಎಂದು ಸುಮ್ಮನೆ ಕೇಳಿದಳು ಅಷ್ಟೆ. ಕೂತು ಕೇಳು ಎಂದಿದ್ದಳು ಅಮ್ಮ, ಎದ್ದು ಹೋಗು ಎಂದಿರಲಿಲ್ಲ. ಇಷ್ಟು ಸಣ್ಣ ಮಾತು ನನಗೆ ನಲವತ್ತೆಂಟು ವರ್ಷ ಕಿವಿಗೇ ಬಿದ್ದಿರಲಿಲ್ಲ.

ಇದರ ಜೊತೆಗಿರುವ ಪೆನ್ ಡ್ರೈವಿನಲ್ಲಿ ಹದಿನೇಳು ಕ್ಯಾಸೆಟ್‌ಗಳೂ ಪೂರ್ತಿಯಾಗಿವೆ. ಗುರುವಾರದಿಂದ ನಿನ್ನೆಯವರೆಗೆ ನಿನ್ನ ಭಾವ ಪಕ್ಕದಲ್ಲೇ ಕೂತು ಮಾಡಿದರು. ಸೀಟಿ, ಸ್ಕೂಟರ್, ಕೆಮ್ಮು, ಅಳು, ಬಾಗಿಲು, ಯಾವುದನ್ನೂ ಮುಟ್ಟಿಲ್ಲ. ನಾನು ಕಳಿಸಿದ್ದ ನಲವತ್ತೆರಡನ್ನೂ ಅಳಿಸಿ ಇದನ್ನು ನಿನ್ನ ಸಂಗ್ರಹದ ಮೊದಲಿಗೇ ಇಡು. ಮಕ್ಕಳು ನಗಲಿ. ಈ ಹುಡುಗಿ ಯಾರು ಎಂದು ಕೇಳಿದರೆ ನನ್ನ ಹೆಸರು ಹೇಳು, ಮರ್ಯಾದೆ ಉಳಿಸಲು ಹೋಗಬೇಡ.

ಆದ್ಯಾ ವಾಪಸ್ ಬರುತ್ತಾಳೆಂದು ನಾನು ಮಾತು ಕೊಡಲಾರೆ. ನಿನ್ನೆ ಸಂಜೆ ಸಾಕ್ಸ್ ಹುಡುಕುತ್ತಾ ಆ ಸಾಲನ್ನು ಗುನುಗಿದಳು, ತಪ್ಪಾಗಿಯೇ. ನಾನು ಕೇಳಿಸಿಕೊಂಡೆ ಎಂದು ಅವಳಿಗೆ ಗೊತ್ತಿಲ್ಲ. ನೀನೂ ಫೋನ್ ಮಾಡಿ ಒತ್ತಾಯ ಮಾಡಬೇಡ.

ನನ್ನನ್ನು ಕ್ಷಮಿಸು ಎಂದು ತಂಗಿಗೆ ಬರೆಯುವುದು ನನಗೆ ಅಭ್ಯಾಸವಿಲ್ಲ. ಆದರೂ ಬರೆದಿದ್ದೇನೆ, ನೋಡು.

ನಿನ್ನ ಅಕ್ಕ,
ವತ್ಸಲಾ

ಮರೆತಿದ್ದೆ: ಭಾನುವಾರದ ಕ್ಲಾಸಿನಲ್ಲಿ ಇನ್ನೊಬ್ಬರಿಗೆ ಜಾಗವಿದೆಯೇ? ಆದ್ಯಾಗಲ್ಲ, ಅವಳ ಜಾಗ ಅವಳಿಗೇ ಇರಲಿ. ಬರುವವಳಿಗೆ ಅರವತ್ತೆರಡು ವರ್ಷ, ಗಂಟಲು ಒರಟು, ತಾಳ ಪರವಾಗಿಲ್ಲ. ಹೇಳಿದ ಮಾತು ಕೇಳುತ್ತಾಳೆ ಎಂದು ಜವಾಬ್ದಾರಿ ತೆಗೆದುಕೊಳ್ಳುತ್ತೇನೆ. ಬೇರೆ ಮಕ್ಕಳೆಲ್ಲ ನಿನ್ನನ್ನು ಅಪರ್ಣ ಆಂಟಿ ಎಂದು ಕರೆಯುತ್ತಾರಂತೆ, ಅದೊಂದು ಮಾತ್ರ ನನ್ನಿಂದ ಆಗುವುದಿಲ್ಲ.