ಮಗುಚಿಟ್ಟ ತಣಿಗೆ

॥ ಶ್ರೀ ವೀರಭದ್ರ ಪ್ರಸನ್ನ ॥

ಎಮ್ಮೆದೊಡ್ಡಿ, ಕಡೂರು ತಾಲ್ಲೂಕು
11-8-2025

ಚಿ. ಸ್ಫೂರ್ತಿಗೆ ನಿನ್ನ ಅಜ್ಜಿ ದಾಕ್ಷಾಯಣಮ್ಮ ಮಾಡುವ ಆಶೀರ್ವಾದ.

ಏನೇ ಹುಡುಗಿ, ಚರಿತ್ರೆ ಓದು ಅಂತ ಮೈಸೂರಿಗೆ ಕಳಿಸಿದರೆ, ನಮ್ಮ ಮನೆಯ ಹಿರಿಯರನ್ನು ಅವರು ಸಾಯುವುದಕ್ಕೆ ನಲವತ್ತು ವರ್ಷ ಮೊದಲೇ ಸಾಯಿಸಿ ಕೂತಿದ್ದೀಯಲ್ಲ! ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ತಲೆಗೆ ಎಣ್ಣೆ ಹಚ್ಚುವುದಿಲ್ಲ, ಸತ್ತವರ ಪಟ್ಟಿ ಹುಡುಕುವುದಕ್ಕೆ ಮಾತ್ರ ಪುರುಸೊತ್ತು ಇದೆ.

ನೀನು ಫೋನಿನಲ್ಲಿ ಕೇಳಿದ್ದು ಇನ್ನೂ ಕಿವಿಯಲ್ಲಿದೆ. “ಅಜ್ಜಿ, ನಮ್ಮನೆ ಪದಕದ ಅಂಚಲ್ಲಿ ಇಂಗ್ಲಿಷಲ್ಲಿ ಷಡಕ್ಷರಿ ಅಂತ ಕೊರೆದಿದೆ. ಯುದ್ಧಕ್ಕೆ ಹೋದೋರ ಹಳೇ ಪಟ್ಟೀಲೂ ಅದೇ ಹೆಸರು, ನಮ್ಮೂರಿನದೇ. ಆದ್ರೆ 1917ರಲ್ಲಿ ಆಫ್ರಿಕಾದಲ್ಲಿ ಜ್ವರ ಬಂದು ಸತ್ತ ಅಂತ ಬರೆದಿದ್ದಾರೆ. ಸತ್ತೋರು ಮನೆಗೆ ಹೆಂಗ್ ಬಂದ್ರು?” ನಾನು ಬ್ಯಾಟರಿ ಮುಗೀತು ಎಂದು ಫೋನ್ ಇಟ್ಟೆ. ಬ್ಯಾಟರಿ ಮುಗಿದಿರಲಿಲ್ಲ. ಎರಡು ತಿಂಗಳು ತಡಮಾಡಿದ್ದಕ್ಕೆ ಬೈಯಬೇಡ. ನಿಮ್ಮಪ್ಪನ ಮಂಡಿನೋವು, ಕೌಲೆ ಹಸು ಕರು ಹಾಕಿದ್ದು ಅಂತ ನೆಪ ಹೇಳಬಹುದು, ಆದರೆ ನನಗೆ ಧೈರ್ಯ ಬರಲಿಲ್ಲ, ಅಷ್ಟೇ. ಓದಿದ್ದು ಮೂರನೇ ಕ್ಲಾಸು, ಒತ್ತಕ್ಷರ ತಪ್ಪಿದ್ದರೆ ನಗಬೇಡ.

ಷಡಕ್ಷರಪ್ಪನವರು ನನ್ನ ಗಂಡನ ತಾತ. ಆ ಕಾಲಕ್ಕೆ ಮೈಸೂರಿನಲ್ಲಿ ರಾಜರಿದ್ದರು, ರಾಜರ ತಲೆಯ ಮೇಲೆ ಬಿಳಿಯರಿದ್ದರು. ಆಫ್ರಿಕಾದಲ್ಲಿ ಇಬ್ಬರು ಬಿಳಿಯರು ಮೂರನೆಯವರ ನೆಲಕ್ಕೆ ಕಿತ್ತಾಡುತ್ತಿದ್ದರಂತೆ. ಆ ಕಿತ್ತಾಟದ ಸಾಮಾನು ಎಳೆಯುವುದಕ್ಕೆ ನಮ್ಮ ಹುಲ್ಲುಗಾವಲಿನ ಎತ್ತುಗಳೇ ಬೇಕಾದವು. ಅಮಲ್ದಾರರು ಬಂದು ಜೋಡಿ ಎತ್ತಿಗೊಬ್ಬ ಆಳು ಎಂದು ಹೆಸರು ಬರೆದರು. ಷಡಕ್ಷರಪ್ಪನವರ ಹೆಸರೂ ಬಂತು. ಅವರ ತಾಯಿ ಎದೆ ಬಡಿದುಕೊಂಡು ಅತ್ತರಂತೆ.

ಹೋದದ್ದು ಲಕ್ಕಣ್ಣ. ನಮ್ಮ ಮನೆಯ ದನ ಕಾಯುತ್ತಿದ್ದವನು, ಹೆಂಡತಿ ಮಗು ಇದ್ದವನು. “ಹೆಸರು ನಿಮ್ದೇ ಇರ್ಲಿ ಅಪ್ಪೋರೇ, ಎತ್ತು ನನ್ ಮಾತೇ ತಾನೆ ಕೇಳೋದು, ನಾನೇ ಹೋಯ್ತೀನಿ” ಅಂದನಂತೆ. ಅವನಾಗಿಯೇ ಅಂದ ಎಂದು ನಮ್ಮ ಮನೆಯವರು ಹೇಳುತ್ತಾರೆ. ಯಾರ ಮನೆಯ ಅಂಬಲಿ ಕುಡಿದು ಬದುಕಬೇಕೋ ಅವರ ತಾಯಿ ಎದುರು ನಿಂತು ಅತ್ತರೆ, ಅವನು ಇನ್ನೇನು ಅಂದಾನು? ಬೀರೂರಿನಲ್ಲಿ ಎತ್ತುಗಳ ಜೊತೆ ರೈಲು ಹತ್ತಿದ, ಷಡಕ್ಷರಿ ಎಂದು ಹೆಸರು ಹೇಳಿದ. ಅವನ ಹೆಂಡತಿಗೂ ಊರಿಗೂ ಇಬ್ಬರೂ ಹೋದರು ಎಂದೇ ಹೇಳಿದ್ದರಂತೆ.

ಷಡಕ್ಷರಪ್ಪನವರು ಕಂಡ ಆಫ್ರಿಕಾ ಎಂದರೆ ಅಜ್ಜಂಪುರದ ಅವರ ಸೋದರತ್ತೆಯ ಮನೆಯ ಅಟ್ಟ. ಯುದ್ಧ ಮುಗಿಯುವವರೆಗೆ ಅಲ್ಲಿ ಅಡಗಿದ್ದು, ಊರಿಗೆ ಬಂದು ಸಿಂಹದ ಕತೆ ಹೇಳಿದರು. ಆಮೇಲೆ ಪದಕವೂ ಅಂಚೆಯಲ್ಲಿ ಬಂತು. ಅಂದಿನಿಂದ ಊರಿಗೆಲ್ಲ ನಮ್ಮದು “ಆಫ್ರಿಕಾದೋರ ಮನೆ”. ಸಂಕ್ರಾಂತಿ ದಿನ ಎತ್ತುಗಳನ್ನು ಕಿಚ್ಚು ಹಾಯಿಸುವಾಗ ಮುಂದಿನ ಎತ್ತಿನ ಕೊರಳಿಗೆ ಪದಕದ ಆ ಬಿಳಿ ರಾಜನ ಮುಖ ಕಟ್ಟುತ್ತೇವಲ್ಲ, ನೀನೂ ಚಪ್ಪಾಳೆ ತಟ್ಟಿದವಳೇ. “ಲಕ್ಕಣ್ಣ ಎಲ್ಲಿ ಅಪ್ಪೋರೇ?” ಎಂದು ಅವನ ಹೆಂಡತಿ ಕೇಳಿದ್ದಕ್ಕೆ, “ಅವನೂ ನನ್ನ ಜೊತೆಗೇ ಬಂದಿದ್ದ, ಅಲ್ಲೇ ಕೆಲಸ ಸಿಕ್ತು, ಬತ್ತಾನೆ” ಅಂದರಂತೆ.

ಲಕ್ಕಣ್ಣನ ಜೊತೆಗಾರ ಯಾರೋ ಅಲ್ಲಿಂದ ನಮ್ಮ ಮನೆಗೆ ಒಂದು ಕಾಗದ ಬರೆದಿದ್ದನಂತೆ. ಆ ಸೀಮೆಯ ನೊಣ ಕಚ್ಚಿ ಎತ್ತುಗಳು ಒಂದೊಂದೇ ಬಿದ್ದವಂತೆ. ಎತ್ತಿನ ಹೊರೆಯನ್ನು ಅಲ್ಲಿಯ ಜನರ ಹೆಗಲಿಗೂ ಲಕ್ಕಣ್ಣನಂಥವರ ಹೆಗಲಿಗೂ ಹೇರಿದರಂತೆ. ಜ್ವರದಲ್ಲೂ ಅವನು ಎತ್ತುಗಳನ್ನೇ ಹೆಸರು ಹಿಡಿದು ಕರೆಯುತ್ತಿದ್ದನಂತೆ. ಇದನ್ನೆಲ್ಲ ನನ್ನ ಮಾವ ಸಾಯುವ ಮುಂಚೆ ನನ್ನೊಬ್ಬಳಿಗೇ ಹೇಳಿದರು. ಬಿಳಿಯರು ನಮ್ಮವರನ್ನು ಎತ್ತಿನ ಹಾಗೆ ಎಣಿಸಿದರು ಎಂದು ನೀನು ನಿನ್ನ ಪುಸ್ತಕದಲ್ಲಿ ಬರೆಯುತ್ತೀಯ. ಬರಿ. ಅದರ ಕೆಳಗೆ, ನಮ್ಮವರು ಲಕ್ಕಣ್ಣನನ್ನು ಎಣಿಸಲೂ ಇಲ್ಲ ಎಂದೂ ಬರಿ.

ಈಗ ಹಾಲಮ್ಮನ ಮಾತು. ಅವಳು ಲಕ್ಕಣ್ಣನ ಮೊಮ್ಮಗಳು. ಮನೆಯಳಿಯನನ್ನು ತಂದುಕೊಂಡು ತವರಿನಲ್ಲೇ ಉಳಿದವಳು, ಐವತ್ತು ವರ್ಷದಿಂದ ನನ್ನ ಗೆಳತಿ. ಮಹಾಲಯ ಅಮಾವಾಸ್ಯೆಗೆ ಅವರ ಮನೆಯಲ್ಲಿ ಸತ್ತ ಹಿರಿಯರಿಗೆಲ್ಲ ಎಲೆ ಹಾಕಿ ಎಡೆ ಇಡುತ್ತಾರೆ. ಲಕ್ಕಣ್ಣನಿಗೆ ಮಾತ್ರ ಎಡೆ ಇಲ್ಲ. ಅವನು ಉಣ್ಣುತ್ತಿದ್ದ ಕಂಚಿನ ತಣಿಗೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಎಲೆಗಳ ಸಾಲಿನ ಕೊನೆಗೆ ಮಗುಚಿಡುತ್ತಾರೆ. ಬದುಕಿರುವವರಿಗೆ ಎಡೆ ಇಡಬಾರದಲ್ಲ. ಸತ್ತ ಸುದ್ದಿ ಯಾರಾದರೂ ಬಾಯಿಬಿಟ್ಟು ಹೇಳುವವರೆಗೆ ಅದನ್ನು ಎತ್ತಬೇಡಿ ಎಂದು ಅವನ ಹೆಂಡತಿ ಭಾಷೆ ತೆಗೆದುಕೊಂಡು ಹೋದಳು.

ಹೋದ ವರ್ಷ ನಾನೇ ರೇಗಿಸಿದೆ. “ಲೇ ಹಾಲಿ, ನಿಮ್ಮ ತಾತನಿಗೆ ಈಗ ನೂರ ನಲವತ್ತು ವರ್ಷ ಕಣೇ. ಯಾವ ಮರದ ಕೆಳಗೆ ಕೂತವ್ನೇ?”

ಅವಳು ನಗಲಿಲ್ಲ. “ಗೊತ್ತು ಕಣಕ್ಕಾ. ಆದ್ರೂ ಒಬ್ರಾದ್ರೂ ಹೋದ ಅಂತ ಹೇಳ್ಬೇಕಲ್ಲ. ಹೇಳೋರು ಯಾರವ್ರೆ?”

ಅವಳ ಮನೆಯ ಕಡುಬು ನನ್ನ ಕೈಯಲ್ಲೇ ಇತ್ತು. ತಿಂದೆ.

ಆದ್ದರಿಂದ ನಿನ್ನ ಪುಸ್ತಕದಲ್ಲಿ ಷಡಕ್ಷರಿ ಎಂಬ ಹೆಸರನ್ನು ಹೊಡೆದುಹಾಕು. ಲಕ್ಕಣ್ಣ ಎಂದು ಬರಿ. ಸಾಕ್ಷಿ ಕೇಳಿದರೆ ಈ ಕಾಗದ ತೋರಿಸು. ಆಫ್ರಿಕಾದೋರ ಮನೆಯ ಮಾನ ಹೋಗುತ್ತದೆ ಎಂದು ನಿಮ್ಮಪ್ಪ ಕೂಗಾಡುತ್ತಾನೆ, ಕೂಗಾಡಲಿ. ನಿನಗೆ ದೇವರು ಒಳ್ಳೆಯದು ಮಾಡಲಿ. ಕಂಡದ್ದನ್ನು ಕಂಡ ಹಾಗೆ ಬರೆಯುವ ಕೈ ನಿನ್ನದಾಗಲಿ.

ಇಂತು ನಿನ್ನ ಅಜ್ಜಿ,
ದಾಕ್ಷಾಯಣಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಜೊತೆಗಾರನ ಕಾಗದವನ್ನು ಮಾವ ನನ್ನ ಕೈಗೇ ಕೊಟ್ಟಿದ್ದರು. ಸೀಸದ ಕಡ್ಡಿಯಲ್ಲಿ ಬರೆದ ಕನ್ನಡ, ನಾನು ಕೂಡಿಸಿ ಕೂಡಿಸಿ ಓದಿದೆ. “ಲಕ್ಕ ಹೋದ, ಅವನ ಮನೆಯಲ್ಲಿ ಎಡೆ ಇಡಲು ಹೇಳಿ” ಎಂದು ಕೊನೆಯ ಸಾಲು. ಮಾವನ ಮಣ್ಣಾಗಿ ತಿಂಗಳೂ ಆಗಿರಲಿಲ್ಲ, ಹಾಲಮ್ಮ ಓಡಿಬಂದಳು. “ಅಕ್ಕಾ, ನಮ್ಮಜ್ಜಿ ಇವತ್ತೋ ನಾಳೆಯೋ ಅನ್ನಂಗವ್ಳೆ. ನೀನು ಓದು ಬಲ್ಲೆ. ನಿಮ್ ಪೆಟ್ಟಿಗೇಲಿ ನಮ್ ತಾತಂದು ಏನಾರ ಕಾಗದ ಐತಾ, ನೋಡಕ್ಕಾ.” ನಾನು ಪೆಟ್ಟಿಗೆ ತೆರೆದು, ಕೈಯಾಡಿಸಿ, “ಏನೂ ಇಲ್ಲ ಕಣೇ” ಅಂದೆ. ಅವಳು ಹೋದ ಮೇಲೆ ಕಾಗದವನ್ನು ಒಲೆಗೆ ಹಾಕಿದೆ. ಹಾಗೆ ಮಾಡು ಎಂದು ಬಿಳಿಯರೂ ಹೇಳಲಿಲ್ಲ, ಮಾವನೂ ಹೇಳಲಿಲ್ಲ. ಮೂರನೆಯ ದಿನ ಆ ಮುದುಕಿ ಹೋದಳು. ಮುತ್ತೈದೆ ಎಂದು ಹಸಿರು ಬಳೆ ತೊಡಿಸಿ ಮಣ್ಣು ಮಾಡಿದರು. ಆ ಬಳೆ ತೊಡಿಸಿದವಳು ನಾನೇ.

ಮುಂದಿನ ತಿಂಗಳು ಅಮಾವಾಸ್ಯೆ. ಪದಕ ತೆಗೆದುಕೊಂಡು ಹಾಲಮ್ಮನ ಮನೆಗೆ ಹೋಗಿ, ಲಕ್ಕಣ್ಣ ಹೋದ ಎಂದು ನಾನೇ ಬಾಯಿಬಿಟ್ಟು ಹೇಳುತ್ತೇನೆ, ಒಲೆಯ ಮಾತನ್ನೂ ಹೇಳುತ್ತೇನೆ. ತಣಿಗೆ ಎತ್ತಿ ಅನ್ನ ಬಡಿಸುತ್ತಾಳೋ, ನನ್ನನ್ನು ಹೊಸ್ತಿಲಾಚೆ ನಿಲ್ಲಿಸುತ್ತಾಳೋ, ಅವಳಿಷ್ಟ. ನೀನು ಪಕ್ಕದಲ್ಲಿರಬೇಕು, ನನ್ನ ಬಾಯಿ ಮತ್ತೆ “ಏನೂ ಇಲ್ಲ” ಅಂದರೆ ಈ ಕಾಗದ ಓದುವುದಕ್ಕೆ. ಫೋನ್ ಮಾಡಬೇಡ, ಕಟ್ ಮಾಡಿಬಿಡುತ್ತೇನೆ. ಬರುತ್ತೀಯೋ ಇಲ್ಲವೋ ಎಂದು ಕಾಗದದಲ್ಲೇ ಬರಿ, ಈ ತಿಂಗಳು ಮುಗಿಯುವುದರೊಳಗೆ.